ಅಂಗವಿಕಲರ ಸೌಲಭ್ಯಕ್ಕೆ ಹಣ ಬಂದಿದೆ, ಮೊದಲು ಏನು ಕೇಳಬೇಕು?

ಗಾಲಿಗೆಳತಿ:
ಎಲ್ಲರಿಗೂ ನಮಸ್ಕಾರ. ನಾನಿರುವ ಕಡೆ ಆಡಳಿತದವರು ಒಂದು ಸಲಹಾ ಸಮಿತಿ ಮಾಡಿದ್ದಾರೆ. ಅಂಗವಿಕಲರ ಸೌಲಭ್ಯಕ್ಕೆ ಅಂತ ಸ್ವಲ್ಪ ಹಣ ಇಟ್ಟಿದ್ದಾರೆ. ಅದನ್ನು ಎಲ್ಲಿ ಖರ್ಚು ಮಾಡಬೇಕು ಅಂತ ಸಮಿತಿ ಹೇಳಬೇಕು. ಅಧಿಕಾರಿಗಳಿದ್ದಾರೆ, ಎಂಜಿನಿಯರುಗಳಿದ್ದಾರೆ, ಒಬ್ಬರು ಡಾಕ್ಟರ್ ಇದ್ದಾರೆ. ಅಂಗವಿಕಲರು ಅಂತ ಇರುವುದು ನಾನೊಬ್ಬಳೇ. ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಗಾಲಿಕುರ್ಚಿಯಲ್ಲೇ ಓಡಾಡುತ್ತೇನೆ.

ಕರಡು ಪಟ್ಟಿ ಕಳಿಸಿದ್ದಾರೆ. ಪಟ್ಟಿಯ ತುಂಬ ರ‍್ಯಾಂಪ್‌ಗಳೇ. ಕೊನೆಯಲ್ಲಿ ಒಂದು ಶಿಬಿರ ಮಾಡಿ ಗಾಲಿಕುರ್ಚಿ ಹಂಚುವುದು ಅಂತಿದೆ. ರ‍್ಯಾಂಪ್ ನನಗೇ ಮೊದಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಣ್ಣು ಕಾಣದವರು, ಕಿವಿ ಕೇಳದವರು, ಬುದ್ಧಿ ಬೆಳವಣಿಗೆಯ ತೊಂದರೆ ಇರುವವರು, ಮಾನಸಿಕ ಕಾಯಿಲೆ ಇರುವವರು, ಇವರೆಲ್ಲರ ಪರವಾಗಿ ನಾನೊಬ್ಬಳೇ ಹೇಗೆ ಮಾತಾಡಲಿ? ನಿಮಗೆ ದಿನಾ ಅಡ್ಡ ಬರುವುದು ಏನು, ಯಾವುದು ಮೊದಲು ಸರಿಹೋಗಬೇಕು, ಹೇಳಿ. "ಜಾಗೃತಿ ಮೂಡಿಸಬೇಕು" ಅಂತ ಸುಮ್ನೆ ಬರೆಯಬೇಡಿ. ಮಾಡಿಸಬಹುದಾದ ಕೆಲಸ ಹೇಳಿ.

ನೆಲಗಟ್ಟು:
ನಾನು ಕಟ್ಟಡದ ಕೆಲಸದವನು. ಪಟ್ಟಿಯಲ್ಲಿ ರ‍್ಯಾಂಪ್ ಅಂತ ಮಾತ್ರ ಬರೆದಿದ್ದಾರಾ, ಇಳಿಜಾರು ಎಷ್ಟು ಅಂತಲೂ ಬರೆದಿದ್ದಾರಾ? ಮೊದಲು ಅದನ್ನು ನೋಡಿ. ಬಹಳ ದೇಶಗಳು ಒಪ್ಪಿರುವ ಅಳತೆ 1:12. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಮೂರು ಮೆಟ್ಟಿಲು ಸೇರಿ 45 ಸೆಂಟಿಮೀಟರ್ ಎತ್ತರ ಅಂದುಕೊಂಡರೆ ರ‍್ಯಾಂಪ್ 5.4 ಮೀಟರ್ ಆಗಬೇಕು. ಅಷ್ಟು ಜಾಗ ಇಲ್ಲ ಅಂತ ಎರಡೇ ಮೀಟರಿನಲ್ಲಿ ಮುಗಿಸಿಬಿಡುತ್ತಾರೆ. ಅದನ್ನು ಯಾರೂ ಒಬ್ಬರೇ ಹತ್ತಲು ಆಗುವುದಿಲ್ಲ. ಇಳಿಯುವಾಗಲಂತೂ ಅಪಾಯ.

ಇನ್ನೊಂದು ವಿಷಯ. ರ‍್ಯಾಂಪ್ ಮುಗಿದ ಕಡೆ ಸಮತಟ್ಟಾದ ಜಾಗ ಬೇಕು, ಕುರ್ಚಿ ತಿರುಗಿಸುವಷ್ಟು, ಸುಮಾರು 1.5 ಮೀಟರ್. ಎಷ್ಟೋ ಕಡೆ ರ‍್ಯಾಂಪ್ ನೇರ ಬಾಗಿಲಿಗೇ ಹೋಗಿ ಮುಟ್ಟುತ್ತದೆ, ಬಾಗಿಲು ಹೊರಗಡೆಗೆ ತೆರೆಯುತ್ತದೆ. ಇಳಿಜಾರಿನಲ್ಲಿ ನಿಂತು ಒಂದು ಕೈಯಲ್ಲಿ ಗಾಲಿ ಹಿಡಿದು ಇನ್ನೊಂದು ಕೈಯಲ್ಲಿ ಬಾಗಿಲು ಎಳೆಯುವುದು ಹೇಗೆ?

ಗಾಲಿಗೆಳತಿ:
@ನೆಲಗಟ್ಟು ಇಳಿಜಾರಿನ ಅಳತೆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಬಾಗಿಲಿನ ಕಥೆ ನನಗೆ ಚೆನ್ನಾಗಿ ಗೊತ್ತು. ಇನ್ನೊಂದು ಇದೆ, ರ‍್ಯಾಂಪ್ ಮತ್ತು ಹೊಸ್ತಿಲು ಸೇರುವ ಕಡೆ ಬೆರಳು ದಪ್ಪದ ಏಣು ಬಿಟ್ಟಿರುತ್ತಾರೆ. ನಡೆಯುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಮುಂದಿನ ಸಣ್ಣ ಚಕ್ರ ಅಲ್ಲೇ ಸಿಕ್ಕಿಕೊಂಡು ನಾವು ಮುಂದಕ್ಕೆ ಮುಗ್ಗರಿಸುತ್ತೇವೆ.

ನೆಲಗಟ್ಟು:
ಹಾಗಾದರೆ ಒಂದೇ ಷರತ್ತು ಹಾಕಿಸಿ. ಕೆಲಸ ಮುಗಿದ ಮೇಲೆ ಗಾಲಿಕುರ್ಚಿ ಬಳಸುವವರು ತಾವೇ ಹತ್ತಿ ಇಳಿದು ನೋಡಬೇಕು, ಅವರ ಸಹಿ ಇಲ್ಲದೆ ಬಿಲ್ ಪಾಸ್ ಆಗಬಾರದು. ಗುತ್ತಿಗೆಯವರು ಮೊದಲ ದಿನದಿಂದಲೇ ಅಳತೆ ಪಟ್ಟಿ ಹಿಡಿದು ಕೆಲಸ ಮಾಡುತ್ತಾರೆ. ಹಣ ಕೊಟ್ಟ ಮೇಲೆ ತಪ್ಪು ತೋರಿಸಿದರೆ ಯಾರೂ ಒಡೆದು ಕಟ್ಟುವುದಿಲ್ಲ.

ಲೆಕ್ಕದವನು:
ಬೇಜಾರು ಮಾಡಿಕೊಳ್ಳಬೇಡಿ, ಆದರೆ ಈ ಪ್ರಶ್ನೆ ಯಾರಾದರೂ ಕೇಳಲೇಬೇಕು. ಹಣ ಸ್ವಲ್ಪ ಇದೆ ಅಂತೀರಿ. ಇದನ್ನೆಲ್ಲ ಎಷ್ಟು ಜನ ಬಳಸುತ್ತಾರೆ? ಸಮಿತಿಯಲ್ಲೂ ಯಾರಾದರೂ ಕೇಳೇ ಕೇಳುತ್ತಾರೆ. "ಇಲ್ಲಿ ಗಾಲಿಕುರ್ಚಿಯವರು ಯಾರೂ ಓಡಾಡುವುದೇ ಇಲ್ಲವಲ್ಲ" ಅನ್ನುತ್ತಾರೆ.

ಬಿಳಿಕೋಲು:
ಓಡಾಡಲು ದಾರಿ ಇಲ್ಲದಿದ್ದರೆ ಓಡಾಡುವವರು ಕಾಣುವುದು ಹೇಗೆ?

ಸಂಖ್ಯೆಸಾಕ್ಷಿ:
@ಲೆಕ್ಕದವನು ಲೆಕ್ಕವನ್ನೇ ಮಾತಾಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ 130 ಕೋಟಿ ಜನರಿಗೆ ದೊಡ್ಡ ಮಟ್ಟದ ಅಂಗವೈಕಲ್ಯ ಇದೆ. ಆರು ಜನರಲ್ಲಿ ಒಬ್ಬರು, ಶೇ. 16. ಆದರೆ ಭಾರತದ 2011ರ ಜನಗಣತಿಯಲ್ಲಿ ಸಿಕ್ಕಿದ್ದು 2.68 ಕೋಟಿ, ಅಂದರೆ ಶೇ. 2.21 ಮಾತ್ರ. ಇಷ್ಟು ಅಂತರ ಬರಲು ದೊಡ್ಡ ಕಾರಣ ಕೇಳುವ ರೀತಿ. ಮನೆ ಬಾಗಿಲಿಗೆ ಬಂದು "ನಿಮ್ಮಲ್ಲಿ ಯಾರಾದರೂ ಅಂಗವಿಕಲರು ಇದ್ದಾರಾ" ಅಂದರೆ ಬಹಳ ಜನ ಇಲ್ಲ ಅಂದುಬಿಡುತ್ತಾರೆ. ನಾಚಿಕೆ ಇರುತ್ತದೆ, ಮಗಳ ಮದುವೆಯ ಚಿಂತೆ ಇರುತ್ತದೆ. ಮೊಣಕಾಲು ಹೋದ ಅಜ್ಜಿಯನ್ನು ಯಾರೂ ಅಂಗವಿಕಲೆ ಅಂತ ಎಣಿಸುವುದಿಲ್ಲ.

ಇದಕ್ಕೆ ಅಂತಲೇ ವಿಶ್ವಸಂಸ್ಥೆಯ ಕೆಳಗೆ 2001ರಲ್ಲಿ ವಾಷಿಂಗ್ಟನ್ ಗ್ರೂಪ್ ಅಂತ ಒಂದು ತಂಡ ಶುರುವಾಯಿತು. ಅವರ ಚಿಕ್ಕ ಪಟ್ಟಿಯಲ್ಲಿ ಆರೇ ಪ್ರಶ್ನೆ. ನೋಡುವುದು, ಕೇಳುವುದು, ನಡೆಯುವುದು, ನೆನಪಿಟ್ಟುಕೊಳ್ಳುವುದು, ತನ್ನ ಕೆಲಸ ತಾನೇ ಮಾಡಿಕೊಳ್ಳುವುದು, ಮಾತಾಡಿ ತಿಳಿಸುವುದು. ಪ್ರತಿಯೊಂದರಲ್ಲೂ ಎಷ್ಟು ಕಷ್ಟ ಇದೆ ಅಂತ ಕೇಳುತ್ತಾರೆ, ಉತ್ತರದಲ್ಲಿ ನಾಲ್ಕು ಹಂತ ಇರುತ್ತದೆ. "ಅಂಗವೈಕಲ್ಯ" ಅನ್ನುವ ಮಾತೇ ಬರುವುದಿಲ್ಲ. ಸಮಿತಿ ಈ ಆರು ಪ್ರಶ್ನೆ ಇಟ್ಟು ಸಣ್ಣ ಸಮೀಕ್ಷೆ ಮಾಡಿಸಲಿ. ಖರ್ಚು ಕಡಿಮೆ, ಆಮೇಲೆ "ಯಾರೂ ಇಲ್ಲ" ಅನ್ನುವವರ ಬಾಯಿ ಮುಚ್ಚುತ್ತದೆ.

ಲೆಕ್ಕದವನು:
ಸಮೀಕ್ಷೆಗೆ ಒಪ್ಪುತ್ತೇನೆ. ಆದರೆ ಅದು ಮುಗಿಯುವವರೆಗೆ ಕೆಲಸ ನಿಲ್ಲಬಾರದು. ಸಮೀಕ್ಷೆ ನಡೆಯುತ್ತಿದೆ ಅಂತ ಹೇಳಿಕೊಂಡೇ ವರ್ಷಗಟ್ಟಲೆ ದೂಡುತ್ತಾರೆ.

ಸಂಖ್ಯೆಸಾಕ್ಷಿ:
ಅದಂತೂ ನಿಜ. ಎರಡೂ ಜೊತೆಯಲ್ಲಿ ನಡೆಯಲಿ.

ಬಿಳಿಕೋಲು:
ನನ್ನ ಪಾಲಿನದು ಹೇಳುತ್ತೇನೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ.

ಕಾಲುದಾರಿಯಲ್ಲಿ ಹಳದಿ ಬಣ್ಣದ ಉಬ್ಬು ಟೈಲ್ಸ್ ನೋಡಿರುತ್ತೀರಿ. ಜಪಾನಿನ ಸೆಯಿಚಿ ಮಿಯಾಕೆ ಅನ್ನುವವರು 1965ರಲ್ಲಿ ಅದನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದಲ್ಲಿ, ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಕಿದರು. ಉದ್ದ ಗೆರೆ ಇದ್ದರೆ ಮುಂದೆ ನಡೆ, ಚುಕ್ಕೆ ಇದ್ದರೆ ನಿಲ್ಲು, ಎದುರಿಗೆ ಏನೋ ಇದೆ. ಇಷ್ಟೇ ಅದರ ಭಾಷೆ. ಕೋಲಿನ ತುದಿಗೆ, ಪಾದಕ್ಕೆ ತಕ್ಷಣ ಗೊತ್ತಾಗುತ್ತದೆ. ಈಗ ಹಾಕುವವರಿಗೆ ಈ ವ್ಯತ್ಯಾಸವನ್ನೇ ಯಾರೂ ಹೇಳಿಕೊಟ್ಟಿರುವುದಿಲ್ಲ. ನಾನು ದಿನಾ ಹೋಗುವ ದಾರಿಯಲ್ಲಿ ಗೆರೆಯ ಟೈಲ್ಸ್ ನೇರವಾಗಿ ಒಂದು ಕಂಬಕ್ಕೆ ಹೋಗಿ ನಿಲ್ಲುತ್ತದೆ. ನಡೆ ಅಂತ ಹೇಳಿ ಕಂಬಕ್ಕೆ ಹಣೆ ಹೊಡೆಸುತ್ತದೆ. ಅದರ ಮೇಲೆ ಗಾಡಿ ನಿಲ್ಲಿಸುವವರಂತೂ ಜಾಸ್ತಿ.

ಆದರೆ ನನ್ನನ್ನು ಕೇಳಿದರೆ ರಸ್ತೆಗಿಂತ ಮೊದಲು ಸರಿಹೋಗಬೇಕಾದದ್ದು ಅರ್ಜಿ. ಸರ್ಕಾರದ ಪ್ರತಿಯೊಂದು ಸೌಲಭ್ಯವೂ ಈಗ ಆನ್‌ಲೈನ್. ನಾನು ಫೋನಿನಲ್ಲಿ ಪರದೆ ಓದುವ ತಂತ್ರಾಂಶ ಬಳಸುತ್ತೇನೆ. ಅರ್ಜಿಯ ಪುಟ ತೆರೆದರೆ ಅದು "ಬಟನ್, ಬಟನ್, ಬಟನ್, ಚಿತ್ರ" ಅನ್ನುತ್ತದೆ. ಯಾವ ಬಟನ್ ಅಂತ ಹೆಸರು ಕೊಟ್ಟಿರುವುದಿಲ್ಲ. ಕೊನೆಯಲ್ಲಿ ಚಿತ್ರದಲ್ಲಿರುವ ಅಕ್ಷರ ನೋಡಿ ಟೈಪ್ ಮಾಡಿ ಅನ್ನುತ್ತದೆ. ಅಂಗವಿಕಲರ ಪಿಂಚಣಿಯ ಅರ್ಜಿಯಲ್ಲೇ ಇದು ಇದ್ದರೆ ಏನು ಮಾಡುವುದು? ಪಕ್ಕದವರ ಕೈಗೆ ಫೋನ್ ಕೊಟ್ಟು ನನ್ನ ಬ್ಯಾಂಕಿನ ವಿವರ ಎಲ್ಲ ಹೇಳಬೇಕಾಗುತ್ತದೆ.

ಕೋಡುಗಾರ:
@ಬಿಳಿಕೋಲು ನಾನು ವೆಬ್‌ಸೈಟ್ ಕಟ್ಟುವವನು. ನೀವು ಹೇಳಿದ್ದರಲ್ಲಿ ಬಹುಪಾಲು ದೊಡ್ಡ ಖರ್ಚಿಲ್ಲದೆ ಸರಿಹೋಗುತ್ತದೆ. ಬಟನ್ನಿಗೆ ಹೆಸರು, ಚಿತ್ರಕ್ಕೆ ವಿವರಣೆ, ಮೌಸ್ ಇಲ್ಲದೆ ಕೀಬೋರ್ಡಿನಿಂದಲೇ ಎಲ್ಲ ಕಡೆ ಹೋಗುವಂತೆ ಮಾಡುವುದು. ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಅನ್ನುವುದು ಅಂತರರಾಷ್ಟ್ರೀಯ ಮಾನದಂಡದಲ್ಲೇ ಇದೆ. ಈ ಮಾನದಂಡದ ಮೊದಲ ಆವೃತ್ತಿ ಬಂದಿದ್ದೇ 1999ರಲ್ಲಿ. ಹೊಸದೇನೂ ಅಲ್ಲ. ಟೆಂಡರಿನಲ್ಲಿ ಬರೆಯದೇ ಇದ್ದರೆ ಯಾರೂ ಮಾಡುವುದಿಲ್ಲ, ಅಷ್ಟೇ.

ಪರೀಕ್ಷೆ ಮಾಡಲು ದುಬಾರಿ ಸಾಧನವೂ ಬೇಡ. ಎನ್‌ವಿಡಿಎ ಅನ್ನುವ ಪರದೆ ಓದುಗ ಉಚಿತ. ಅದನ್ನು 2006ರಲ್ಲಿ ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕಲ್ ಕರ‍್ರನ್. ಜೊತೆಗೂಡಿದವರು ಜೇಮ್ಸ್ ಟೆ. ಇಬ್ಬರೂ ಅಂಧರು.

ಬಿಳಿಕೋಲು:
@ಕೋಡುಗಾರ ಯಂತ್ರ ಮಾಡುವ ಪರೀಕ್ಷೆ ಸಾಲದು. ಯಂತ್ರ "ಎಲ್ಲ ಸರಿ" ಅಂದ ಪುಟಗಳಲ್ಲೂ ನಾನು ಸಿಕ್ಕಿಹಾಕಿಕೊಂಡಿದ್ದೇನೆ. ಅಂಧರನ್ನೇ ಕೂರಿಸಿ, ಸಂಬಳ ಕೊಟ್ಟು, ಅರ್ಜಿಯನ್ನು ಮೊದಲಿಂದ ಕೊನೆವರೆಗೆ ತುಂಬಿಸಿ ನೋಡಬೇಕು.

ನೆಲಗಟ್ಟು:
ಅಂದರೆ ರ‍್ಯಾಂಪಿನ ಷರತ್ತೇ ವೆಬ್‌ಸೈಟಿಗೂ. ಬಳಸುವವರು ನೋಡಿ ಒಪ್ಪಿದ ಮೇಲೆ ಬಿಲ್.

ಕೈಮಾತು:
ಎಲ್ಲರೂ ದಾರಿ, ಬಾಗಿಲು ಅಂತಿದ್ದೀರಿ. ನಮಗೆ ದಾರಿ ಇದೆ, ಬಾಗಿಲೂ ತೆರೆದಿದೆ. ಒಳಗೆ ಹೋದ ಮೇಲೆ ಮಾತಾಡಲು ಯಾರೂ ಇಲ್ಲ. ನನಗೆ ಕಿವಿ ಕೇಳುವುದಿಲ್ಲ, ನನ್ನ ಮಗಳಿಗೂ.

ಆಸ್ಪತ್ರೆಯಲ್ಲಿ ಟೋಕನ್ ಕೂಗುತ್ತಾರೆ. ಯಾವಾಗ ಕೂಗಿದರು ಅಂತ ಗೊತ್ತಾಗದೆ ನನ್ನ ಸರದಿ ದಾಟಿ ಹೋಗುತ್ತದೆ. ಗೋಡೆ ಮೇಲೆ ಸಂಖ್ಯೆ ತೋರಿಸುವ ಒಂದು ಪರದೆ ಸಾಕು. ಒಳಗೆ ಡಾಕ್ಟರ್ ಮಾಸ್ಕ್ ಹಾಕಿಕೊಂಡು ಮಾತಾಡುತ್ತಾರೆ. ಆಮೇಲೆ ಚೀಟಿಯಲ್ಲಿ ಏನೋ ಗೀಚಿ ಕೊಡುತ್ತಾರೆ. ಸನ್ನೆ ಭಾಷೆಯ ದುಭಾಷಿ ಬೇಕು. ಪ್ರತಿ ಕಚೇರಿಯಲ್ಲೂ ಒಬ್ಬರನ್ನು ಇಡಿ ಅಂತ ಕೇಳುತ್ತಿಲ್ಲ. ವಿಡಿಯೋ ಕರೆಯಲ್ಲಿ ಸಿಗುವ ಒಂದು ಕೇಂದ್ರ ಇದ್ದರೆ ಎಲ್ಲ ಕಚೇರಿಗಳಿಗೂ ಆಗುತ್ತದೆ.

ಹೊಸಓದುಗ:
ಬರೆದು ತೋರಿಸಿದರೆ ಆಗುವುದಿಲ್ಲವಾ? ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಅಂತಲೂ ಕೇಳಿದ್ದೇನೆ.

ಕೈಮಾತು:
@ಹೊಸಓದುಗ ತುಟಿ ನೋಡಿದರೆ ಎಲ್ಲ ಗೊತ್ತಾಗುವುದಿಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಉಳಿದದ್ದು ಊಹೆ. ಡಾಕ್ಟರ್ ಹೇಳುವ ಔಷಧಿಯನ್ನು ಊಹೆ ಮಾಡಲು ಆಗುತ್ತದಾ?

ಬರೆಯುವುದು ನನಗೆ ಬರುತ್ತದೆ. ಬಹಳ ಜನ ಕಿವುಡರಿಗೆ ಬರಹದ ಭಾಷೆ ಎರಡನೇ ಭಾಷೆ. ಚಿಕ್ಕಂದಿನಲ್ಲಿ ಸನ್ನೆ ಭಾಷೆಯೂ ಸಿಗದೆ, ಮಾತೂ ಕೇಳದೆ, ಯಾವ ಭಾಷೆಯೂ ಪೂರ್ತಿ ಸಿಗದವರು ಇದ್ದಾರೆ. ಉಗಾಂಡಾ ತನ್ನ 1995ರ ಸಂವಿಧಾನದಲ್ಲೇ ಸನ್ನೆ ಭಾಷೆಯ ಬಗ್ಗೆ ಬರೆದಿದೆ. ನ್ಯೂಜಿಲೆಂಡ್ 2006ರಲ್ಲಿ ತನ್ನ ಸನ್ನೆ ಭಾಷೆಯನ್ನು ಅಧಿಕೃತ ಭಾಷೆ ಮಾಡಿತು. ಹಾಗೆ ಒಪ್ಪಿಕೊಂಡರೆ ದುಭಾಷಿ ಕೇಳುವುದು ನಮ್ಮ ಹಕ್ಕಾಗುತ್ತದೆ, ಯಾರ ಮುಂದೆಯೂ ಬೇಡಿಕೊಳ್ಳಬೇಕಾಗಿಲ್ಲ.

ಮೇಷ್ಟ್ರು:
ಶಾಲೆಯ ವಿಷಯ ಯಾರೂ ಎತ್ತಲಿಲ್ಲ. ಎಲ್ಲ ಬದಲಾಗುವುದು ಅಲ್ಲಿಂದಲೇ ಅಲ್ವಾ? ಇಟಲಿಯಲ್ಲಿ 1977ರ ಕಾನೂನು ಪ್ರತ್ಯೇಕ ತರಗತಿಗಳನ್ನು ತೆಗೆದುಹಾಕಿತು. ಅಂಗವಿಕಲ ಮಕ್ಕಳೂ ಎಲ್ಲರ ಜೊತೆ ಕೂರುತ್ತಾರೆ, ಅದೇ ತರಗತಿಗೆ ಸಹಾಯಕ್ಕೆ ಇನ್ನೊಬ್ಬ ಶಿಕ್ಷಕರು ಬರುತ್ತಾರೆ. ವಿಶೇಷ ಶಾಲೆಗಳನ್ನು ನಿಧಾನವಾಗಿ ಮುಚ್ಚಿ ಆ ಹಣವನ್ನು ಸಾಮಾನ್ಯ ಶಾಲೆಗೆ ಹಾಕಬೇಕು.

ಕೈಮಾತು:
@ಮೇಷ್ಟ್ರು ಇದಕ್ಕೆ ನಾನು ಒಪ್ಪುವುದಿಲ್ಲ. ನನ್ನ ಮಗಳನ್ನು ಸಾಮಾನ್ಯ ಶಾಲೆಗೆ ಹಾಕಿದ್ದೆವು. ಮಕ್ಕಳು ಒಳ್ಳೆಯವರು, ಶಿಕ್ಷಕಿಯೂ ಒಳ್ಳೆಯವರು. ಆದರೆ ಅಲ್ಲಿ ಯಾರಿಗೂ ಸನ್ನೆ ಬರುತ್ತಿರಲಿಲ್ಲ. ಬಿಡುವಿನ ಹೊತ್ತಿನಲ್ಲಿ ಅವಳು ಗೋಡೆಗೆ ಒರಗಿ ಬೇರೆಯವರ ಆಟ ನೋಡುತ್ತಿದ್ದಳು. ಕಿವುಡ ಮಕ್ಕಳ ಶಾಲೆಗೆ ಸೇರಿಸಿದ ಮೇಲೆ ಮನೆಗೆ ಬಂದು ಜಗಳದ ಕಥೆ, ಗೆಳತಿಯರ ಕಥೆ ಎಲ್ಲ ಹೇಳುತ್ತಾಳೆ. ಒಂದೇ ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಒಳಗೊಂಡ ಹಾಗಾಗುವುದಿಲ್ಲ.

ಮೇಷ್ಟ್ರು:
ನಿಮ್ಮ ಮಗಳ ವಿಷಯದಲ್ಲಿ ಅದು ಸರಿ. ಆದರೆ ಕಾಲು ಸ್ವಾಧೀನ ಇಲ್ಲದ ಮಗುವನ್ನೂ "ವಿಶೇಷ ಶಾಲೆಗೆ ಹೋಗಿ" ಅಂತ ಕಳಿಸುತ್ತಾರಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಮಗುವಿಗೆ ಬೇಕಾಗಿದ್ದು ನೆಲಮಹಡಿಯಲ್ಲಿ ಒಂದು ತರಗತಿ, ಒಂದು ಶೌಚಾಲಯ. ಅಷ್ಟನ್ನು ಮಾಡದೆ ಬೇರೆ ಶಾಲೆ ತೋರಿಸುವುದು ಅನ್ಯಾಯ.

ಸಂಖ್ಯೆಸಾಕ್ಷಿ:
ಇಬ್ಬರ ಮಾತಿಗೂ ಆಧಾರ ಇದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ 2006ರಲ್ಲಿ ಆಯಿತು, 2008ರಲ್ಲಿ ಜಾರಿಗೆ ಬಂತು. ಅದರ 24ನೇ ವಿಧಿ ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಬೇಕು ಅನ್ನುತ್ತದೆ. ಅಂಧ, ಕಿವುಡ, ಕಿವುಡಂಧ ಮಕ್ಕಳಿಗೆ ಅವರಿಗೆ ತಕ್ಕ ಭಾಷೆಯಲ್ಲಿ, ಅವರ ಕಲಿಕೆಯೂ ಬೆರೆಯುವಿಕೆಯೂ ಹೆಚ್ಚು ಬೆಳೆಯುವಂಥ ವಾತಾವರಣದಲ್ಲಿ ಕಲಿಸಬೇಕು ಅಂತಲೂ ಅದೇ ವಿಧಿಯಲ್ಲಿದೆ.

ಹಳೇಸಾರಥಿ:
ನಾನು ಬಸ್ ಓಡಿಸಿದವನು, ಈಗ ನಿವೃತ್ತ. ಡ್ರೈವರ್ ನಿಲ್ಲಿಸುವುದಿಲ್ಲ ಅಂತ ಎಲ್ಲರೂ ಬೈಯುತ್ತಾರೆ. ನಿಲ್ಲಿಸದೆ ಹೋಗುವುದು ತಪ್ಪೇ. ಆದರೆ ನೆಲ ತಗ್ಗಾಗಿರುವ ಬಸ್ ಕೊಟ್ಟು, ಮಡಚುವ ರ‍್ಯಾಂಪ್ ಕೊಟ್ಟು, ಅದಕ್ಕೆ ಎಣ್ಣೆ ಹಾಕುವವರನ್ನು ಕೊಡಲಿಲ್ಲ. ತುಕ್ಕು ಹಿಡಿದ ರ‍್ಯಾಂಪ್ ಎತ್ತಲು ಹೋಗಿ ಬೆರಳು ಜಜ್ಜಿಕೊಂಡವರು ಇದ್ದಾರೆ. ಗಾಲಿಕುರ್ಚಿಯವರನ್ನು ಹತ್ತಿಸಲು ಹೆಚ್ಚುವರಿ ಹೊತ್ತು ಬೇಕು. ವೇಳಾಪಟ್ಟಿಯಲ್ಲಿ ಆ ಹೊತ್ತು ಇಲ್ಲ, ತಡವಾದರೆ ನಮಗೆ ಮೆಮೊ. ವೇಳಾಪಟ್ಟಿ ಬದಲಾಯಿಸದೆ ಡ್ರೈವರ್ ಮನಸ್ಸು ಬದಲಾಯಿಸಲು ಹೊರಟರೆ ಆಗುವುದಿಲ್ಲ.

ಬ್ರೆಜಿಲ್‌ನ ಕುರಿಟಿಬಾದಲ್ಲಿ 1991ರಿಂದ ಕೊಳವೆಯ ಆಕಾರದ ನಿಲ್ದಾಣಗಳಿವೆ. ನಿಲ್ದಾಣದ ನೆಲವೇ ಬಸ್ಸಿನ ನೆಲದ ಮಟ್ಟಕ್ಕೆ ಇರುತ್ತದೆ. ಎಲ್ಲರೂ ಸಮತಟ್ಟಾಗಿ ಒಳಗೆ ಹೋಗುತ್ತಾರೆ. ಮಗು ಎತ್ತಿಕೊಂಡವರು, ಮಂಡಿನೋವಿನವರು, ಎಲ್ಲರೂ ಬೇಗ ಹತ್ತುತ್ತಾರೆ, ಬಸ್ ಬೇಗ ಹೊರಡುತ್ತದೆ.

ಗಾಲಿಗೆಳತಿ:
@ಹಳೇಸಾರಥಿ ವೇಳಾಪಟ್ಟಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಬರೆದುಕೊಂಡೆ. ದುರಸ್ತಿಗೆ ಪ್ರತ್ಯೇಕ ಹಣ ಅನ್ನುವುದನ್ನೂ ಸೇರಿಸಿದೆ.

ಇತಿಹಾಸಪ್ರಿಯ:
ಬಸ್ಸಿನ ಮಾತು ಬಂತು, ಇದನ್ನು ಹೇಳಲೇಬೇಕು. 1978ರ ಜುಲೈನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ 19 ಜನ ಅಂಗವಿಕಲರು ರಸ್ತೆಯ ನಡುವೆ, ಗಾಲಿಕುರ್ಚಿ ಹತ್ತಿಸಲಾಗದ ಬಸ್ಸುಗಳನ್ನು ಸುತ್ತುವರಿದು ರಾತ್ರಿಯೆಲ್ಲ ಅಲ್ಲೇ ಇದ್ದರು. ಅದಕ್ಕೂ ಹಿಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗವಿಕಲರ ಹಕ್ಕಿನ ಹೋರಾಟಗಾರ್ತಿ ಜೂಡಿ ಹ್ಯೂಮನ್ ಮತ್ತು ಜೊತೆಯವರು ಸರ್ಕಾರಿ ಕಟ್ಟಡದೊಳಗೆ ಸುಮಾರು ನಾಲ್ಕು ವಾರ ಕೂತರು. ಸರ್ಕಾರದ ಹಣ ಪಡೆಯುವ ಕಡೆ ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಅನ್ನುವ ಕಾನೂನು 1973ರಲ್ಲೇ ಬಂದಿತ್ತು. ಅದನ್ನು ಜಾರಿ ಮಾಡುವ ನಿಯಮಕ್ಕೆ ಸಹಿ ಬಿದ್ದಿರಲಿಲ್ಲ. ಅವರಿಗೆ ಊಟ ತಂದುಕೊಟ್ಟವರು ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. 1990ರ ಮಾರ್ಚ್ 12ರಂದು ಗಾಲಿಕುರ್ಚಿ, ಊರುಗೋಲು ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿ ಹತ್ತಿದರು. ಅದೇ ವರ್ಷದ ಜುಲೈನಲ್ಲಿ, ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಅನ್ನುವ ದೊಡ್ಡ ಕಾಯ್ದೆ ಬಂತು. ಯಾರೂ ತಾವಾಗಿ ಕೊಟ್ಟದ್ದಲ್ಲ.

ಲೆಕ್ಕದವನು:
ಒಳ್ಳೆಯ ಮಾಹಿತಿ, ಆದರೆ ಅವರು ಕೇಳಿದ್ದು ಸಮಿತಿಗೆ ಏನು ಹೇಳಬೇಕು ಅಂತ.

ಇತಿಹಾಸಪ್ರಿಯ:
ಅದಕ್ಕೇ ಹೇಳಿದೆ. ಕಾನೂನು ಇದ್ದು ನಿಯಮ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಭಾರತದಲ್ಲಿ 2016ರ ಕಾಯ್ದೆ 7 ಬಗೆಯ ಅಂಗವೈಕಲ್ಯವನ್ನು 21ಕ್ಕೆ ಏರಿಸಿತು, ಸರ್ಕಾರಿ ಉದ್ಯೋಗದಲ್ಲಿ ಮೀಸಲು ಶೇ. 3 ಇದ್ದದ್ದು ಶೇ. 4 ಆಯಿತು. ಆದರೆ ಕಟ್ಟಡ, ಸಾರಿಗೆಯ ಅಳತೆಗಳ ವಿಷಯದಲ್ಲಿ ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದವು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದು ಸಾಲದು, ಕಡ್ಡಾಯದ ಮಾನದಂಡ ಬೇಕು ಅಂತ ಹೇಳಬೇಕಾಯಿತು. ಸಮಿತಿಯ ಕಾಗದದಲ್ಲೂ "ಆದಷ್ಟು" "ಸಾಧ್ಯವಾದ ಕಡೆ" ಅನ್ನುವ ಪದಗಳಿದ್ದರೆ ಹೊಡೆದುಹಾಕಿಸಿ.

ಅಮ್ಮನಮಾತು:
ನಿಮ್ಮ ಮಾತೆಲ್ಲ ಓದಿದೆ. ನನ್ನ ಮಗನಿಗೆ ರ‍್ಯಾಂಪ್ ಬೇಡ, ಟೈಲ್ಸ್ ಬೇಡ, ದುಭಾಷಿ ಬೇಡ. ದೊಡ್ಡವನಾಗಿದ್ದಾನೆ, ಬುದ್ಧಿ ಬೆಳವಣಿಗೆ ಕಡಿಮೆ. ಅಂಗಿ ಹಾಕಿಕೊಳ್ಳುತ್ತಾನೆ, ಗುಂಡಿ ಹಾಕಲು ಹೇಳಬೇಕು. ಊಟ ತಾನೇ ಮಾಡುತ್ತಾನೆ, ಸಾಕು ಅಂತ ನಾವು ಹೇಳಬೇಕು. ಒಲೆಯ ಹತ್ತಿರ ಬಿಡುವ ಹಾಗಿಲ್ಲ. ಶಾಲೆ ಮುಗಿದ ಮೇಲೆ ಅವನಿಗೆ ಅಂತ ಎಲ್ಲೂ ಏನೂ ಇಲ್ಲ. ನಾನು ಕೆಲಸ ಬಿಟ್ಟೆ. ನಾನು ಹೋದ ಮೇಲೆ ಅವನನ್ನು ಯಾರು ನೋಡುತ್ತಾರೆ? ಈ ಪ್ರಶ್ನೆಗೆ ಉತ್ತರ ಇರುವ ಒಂದು ಪಟ್ಟಿಯನ್ನೂ ನಾನು ನೋಡಿಲ್ಲ.

ಸಂಜೆಮಳೆ:
@ಅಮ್ಮನಮಾತು ಓದಿ ಮನಸ್ಸು ಭಾರವಾಯಿತು. ನಿಮ್ಮಂಥ ಎಷ್ಟೋ ತಾಯಂದಿರು ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಲೆಕ್ಕದವನು:
ಇಂಥವರಿಗೆ ತಿಂಗಳು ತಿಂಗಳು ನೇರವಾಗಿ ಹಣ ಕೊಡುವುದೇ ಒಳ್ಳೆಯದಲ್ವಾ? ಯಾರನ್ನು ಇಟ್ಟುಕೊಳ್ಳಬೇಕು ಅಂತ ಅವರೇ ನೋಡಿಕೊಳ್ಳುತ್ತಾರೆ. ನಡುವೆ ತಿನ್ನುವವರೂ ಇರುವುದಿಲ್ಲ.

ಅಮ್ಮನಮಾತು:
ಹಣ ಬೇಕು. ಆದರೆ ಹಣ ಹಿಡಿದು ಯಾರ ಹತ್ತಿರ ಹೋಗಲಿ? ಇವನ ಜೊತೆ ಇರಲು ಗೊತ್ತಿರುವವರು ಸಿಗಬೇಕಲ್ಲ. ಅವನು ಹೆದರಿದಾಗ ಕೈ ಕಚ್ಚಿಕೊಳ್ಳುತ್ತಾನೆ, ಆಗ ಗದರಿದರೆ ಜಾಸ್ತಿಯಾಗುತ್ತದೆ. ಸ್ವಲ್ಪ ಹೊತ್ತು ಪಕ್ಕದಲ್ಲಿ ಸುಮ್ನೆ ಕೂತರೆ ತಾನೇ ಸರಿಹೋಗುತ್ತಾನೆ. ಇದನ್ನು ಕಲಿಸಿದವರು ಎಲ್ಲಿದ್ದಾರೆ? ನನಗೆ ಬೇಕಾದದ್ದು ಹಗಲು ಹೊತ್ತು ಅವನು ಹೋಗಿ ಬರುವ ಒಂದು ಜಾಗ. ನನಗೆ ಜ್ವರ ಬಂದಾಗ ಎರಡು ದಿನ ಇಟ್ಟುಕೊಳ್ಳುವ ಒಂದು ಮನೆ.

ದೂರದೇಶಿ:
ನಾನು ಸ್ವೀಡನ್‌ನಲ್ಲಿ ಆರೈಕೆ ಕೆಲಸ ಮಾಡಿದ್ದೇನೆ. ಅಲ್ಲಿ 1994ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ಖಾಸಗಿ ಸಹಾಯಕರು ಒಂದು ಹಕ್ಕು. ಸ್ನಾನ, ಊಟ, ಬಟ್ಟೆ ಇಂಥ ಮೂಲ ಕೆಲಸಗಳಿಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ನೆರವು ಬೇಕಾದರೆ ಕೇಂದ್ರ ಸರ್ಕಾರವೇ ಹಣ ಕೊಡುತ್ತದೆ. ಸಹಾಯಕರನ್ನು ಆರಿಸುವುದರಲ್ಲಿ ಆ ವ್ಯಕ್ತಿಯ ಮಾತು ನಡೆಯುತ್ತದೆ. ಹಗಲಿನ ಕೇಂದ್ರ, ನಾಲ್ಕೈದು ಜನ ಒಟ್ಟಿಗೆ ಇರುವ ಮನೆ, ಮನೆಯವರಿಗೆ ಬಿಡುವು ಕೊಡುವ ಸೇವೆ, ಇವೂ ಅದೇ ಕಾನೂನಿನಲ್ಲಿವೆ. ಆಸ್ಟ್ರೇಲಿಯಾ 2013ರಲ್ಲಿ ಬೇರೆ ರೀತಿ ಶುರು ಮಾಡಿತು, ಒಬ್ಬೊಬ್ಬರಿಗೂ ಅವರ ಅಗತ್ಯ ನೋಡಿ ಒಂದು ಬಜೆಟ್. ಮನೆಯ ಆದಾಯ ನೋಡುವುದಿಲ್ಲ. ಆದರೆ 65 ವರ್ಷದ ಒಳಗೆ ಸೇರಿರಬೇಕು. ಎರಡೂ ಕಡೆ ಖರ್ಚು ಏರಿದೆ, ಗಂಟೆ ಕಡಿತದ ಜಗಳವೂ ನಡೆಯುತ್ತಿದೆ. ಆದರೂ ತಾಯಿಯೊಬ್ಬಳ ಮೇಲೆ ಎಲ್ಲ ಹೊರೆ ಬಿಡುವುದಿಲ್ಲ.

ಸಂಜೆಮಳೆ:
ನನ್ನದು ಹೊರಗೆ ಕಾಣದ ಕಾಯಿಲೆ. ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಅತಿ ಉತ್ಸಾಹಕ್ಕೆ ಏರಿ ಕೆಲವು ಕಾಲ ಖಿನ್ನತೆಗೆ ಇಳಿಯುವ ಕಾಯಿಲೆ. ಚೆನ್ನಾಗಿರುವ ದಿನ ನನ್ನನ್ನು ನೋಡಿದವರು "ನಿಮಗೇನಾಗಿದೆ" ಅನ್ನುತ್ತಾರೆ. ಪ್ರಮಾಣಪತ್ರಕ್ಕೆ ಹೋದಾಗಲೂ ಅದೇ ಪ್ರಶ್ನೆ. ಶೇಕಡಾ ಇಷ್ಟು ಅಂತ ಅಳೆಯುತ್ತಾರೆ. ಭಾರತದಲ್ಲಿ ಮೀಸಲಿನಂಥ ಸೌಲಭ್ಯಕ್ಕೆ ಕನಿಷ್ಠ ಶೇ. 40 ಇರಬೇಕು. ಏರಿಳಿಯುವ ಕಾಯಿಲೆಯನ್ನು ಆ ಒಂದು ದಿನ ನೋಡಿ ಹೇಗೆ ಅಳೆಯುತ್ತಾರೆ?

ಇನ್ನೊಂದು ಭಯ, ಕೆಲಸ ಸಿಕ್ಕರೆ ನೆರವು ನಿಂತುಹೋಗುತ್ತದೆ. ಆಮೇಲೆ ಕಾಯಿಲೆ ಮರುಕಳಿಸಿ ಕೆಲಸ ಹೋದರೆ ಮತ್ತೆ ಮೊದಲಿಂದ ಅರ್ಜಿ. ಹೀಗಾಗಿ ಎಷ್ಟೋ ಜನ ಕೆಲಸಕ್ಕೆ ಹೋಗುವ ಧೈರ್ಯವನ್ನೇ ಮಾಡುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಒಂದಷ್ಟು ಕಾಲ ನೆರವು ಮುಂದುವರಿಯಬೇಕು, ಹಂತ ಹಂತವಾಗಿ ಇಳಿಯಬೇಕು.

ಸಂಖ್ಯೆಸಾಕ್ಷಿ:
@ಸಂಜೆಮಳೆ ಇದು ಎಲ್ಲ ದೇಶಗಳಲ್ಲೂ ಇರುವ ಗಂಟು. ಅಮೆರಿಕದ ಒಂದು ಮುಖ್ಯ ನೆರವಿನಲ್ಲಿ ಒಂಟಿ ವ್ಯಕ್ತಿಯ ಹತ್ತಿರ 2,000 ಡಾಲರ್‌ಗಿಂತ ಜಾಸ್ತಿ ಉಳಿತಾಯ ಇರುವ ಹಾಗಿಲ್ಲ. ಆ ಮಿತಿ 1989ರಿಂದ ಬದಲಾಗಿಲ್ಲ. ಕೂಡಿಟ್ಟರೆ ನೆರವು ಹೋಗುತ್ತದೆ.

ಲೆಕ್ಕದವನು:
ಉದ್ಯೋಗ ಅಂದರೆ ಮೀಸಲು ಹೆಚ್ಚಿಸುವುದೊಂದೇ ದಾರಿ. ಖಾಸಗಿಯವರಿಗೂ ಕಡ್ಡಾಯ ಮಾಡಬೇಕು.

ದೂರದೇಶಿ:
ಜರ್ಮನಿಯಲ್ಲಿ ಕಡ್ಡಾಯ ಇದೆ. 20 ಅಥವಾ ಅದಕ್ಕಿಂತ ಜಾಸ್ತಿ ನೌಕರರು ಇರುವ ಕಡೆ ಶೇ. 5, ಕೊಡದಿದ್ದರೆ ಪ್ರತಿ ಖಾಲಿ ಜಾಗಕ್ಕೂ ಹಣ ಕಟ್ಟಬೇಕು. ಆ ಹಣ ಅಂಗವಿಕಲರ ಉದ್ಯೋಗಕ್ಕೇ ಹೋಗುತ್ತದೆ. ಆದರೆ ಎಷ್ಟೋ ಕಂಪನಿಗಳು ಹಣ ಕಟ್ಟಿ ಸುಮ್ಮನಾಗುತ್ತವೆ. ಜಪಾನಿನಲ್ಲಿ 2018ರಲ್ಲಿ ಸರ್ಕಾರದ ಇಲಾಖೆಗಳೇ ಅಂಗವಿಕಲ ನೌಕರರ ಲೆಕ್ಕ ಉಬ್ಬಿಸಿ ತೋರಿಸಿದ್ದು ಹೊರಗೆ ಬಂತು. ಹಾಗಾಗಿ ಶೇಕಡಾ ಜೊತೆಗೆ ಪರಿಶೀಲನೆಯೂ ಬೇಕು.

ಬಿಳಿಕೋಲು:
ಕೆಲಸ ಕೊಟ್ಟ ಮೇಲೆ ಏನು ಕೊಡುತ್ತಾರೆ ಅನ್ನುವುದೂ ಮುಖ್ಯ. ನನ್ನನ್ನು ತೆಗೆದುಕೊಂಡ ಕಚೇರಿಯಲ್ಲಿ ಪರದೆ ಓದುವ ತಂತ್ರಾಂಶ ಹಾಕಿಕೊಡಲಿಲ್ಲ. ಸಂಬಳ ಬರುತ್ತಿತ್ತು, ಮಾಡಲು ಕೆಲಸ ಇರಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಮೇಜಿನ ಮುಂದೆ ಕೂತಿರುವುದು ಎಷ್ಟು ಅವಮಾನ ಅಂತ ಅನುಭವಿಸಿದವರಿಗೇ ಗೊತ್ತು.

ಗಾಲಿಗೆಳತಿ:
ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಾಳೆ ಅಧ್ಯಕ್ಷರಿಗೆ ಪತ್ರ ಬರೆಯುತ್ತೇನೆ. ಕಿವುಡರು, ಅಂಧರು, ಬುದ್ಧಿ ಬೆಳವಣಿಗೆ ಕಡಿಮೆ ಇರುವವರು ಅಥವಾ ಅವರ ಮನೆಯವರು, ಮಾನಸಿಕ ಕಾಯಿಲೆ ಅನುಭವಿಸಿದವರು ಸಮಿತಿಗೆ ಬರಬೇಕು ಅಂತ ಕೇಳುತ್ತೇನೆ. ಅವರು ಬರುವವರೆಗೆ ಪಟ್ಟಿಗೆ ನಾನು ಸಹಿ ಹಾಕುವುದಿಲ್ಲ. ನೆಲಗಟ್ಟು ಹೇಳಿದ ಬಿಲ್ಲಿನ ಷರತ್ತು ಮತ್ತು ಅಮ್ಮನಮಾತು ಕೇಳಿದ ಹಗಲಿನ ಕೇಂದ್ರವನ್ನು ಪತ್ರದ ಮೊದಲಲ್ಲೇ ಇಡುತ್ತೇನೆ.

ಕೈಮಾತು:
ಕಿವುಡರನ್ನು ಕರೆದರೆ ದುಭಾಷಿಯ ಖರ್ಚನ್ನೂ ಸಮಿತಿಯೇ ಕೊಡಬೇಕು ಅಂತ ಅದೇ ಪತ್ರದಲ್ಲಿ ಬರೆಯಿರಿ. ಇಲ್ಲದಿದ್ದರೆ ನಾವು ಬಂದು ಕೂತು ಎದ್ದು ಹೋಗುತ್ತೇವೆ.

ಬಿಳಿಕೋಲು:
ಸಭೆಯ ಕಾಗದಗಳನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ಕಳಿಸಬಾರದು, ಓದಿಸಬಹುದಾದ ಪಠ್ಯವಾಗಿ ಬೇಕು. ಸಭೆಗೆ ಮುಂಚೆಯೇ ಬೇಕು.

ಫಿಸಿಯೋಅಕ್ಕ:
ತಡವಾಗಿ ಬಂದೆ. ಶಿಬಿರದಲ್ಲಿ ಗಾಲಿಕುರ್ಚಿ ಹಂಚುತ್ತಾರೆ ಅಂದಿರಲ್ಲ, ಅದನ್ನು ಹೇಗಾದರೂ ತಡೆಯಿರಿ. ಚಪ್ಪಲಿಯನ್ನೇ ಅಳತೆ ನೋಡದೆ ತೆಗೆದುಕೊಳ್ಳುವುದಿಲ್ಲ, ದಿನವಿಡೀ ಕೂರುವ ಕುರ್ಚಿಯನ್ನು ಒಂದೇ ಅಳತೆಯಲ್ಲಿ ಎಲ್ಲರಿಗೂ ಕೊಡುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಕೂತ ಜಾಗದಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ. ಸರಿಯಾದ ಕುಶನ್ ಇಲ್ಲದಿದ್ದರೆ ಹುಣ್ಣಾಗುತ್ತದೆ. ಮೂಳೆವರೆಗೆ ಇಳಿದ ಹುಣ್ಣು ನೋಡಿದ್ದೇನೆ. ಅದರಿಂದ ಪ್ರಾಣ ಹೋದವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಗಾಲಿಕುರ್ಚಿ ಕೊಡುವುದಕ್ಕೆ 8 ಹಂತ ಹೇಳಿದೆ. ಅಳತೆ, ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ದುರಸ್ತಿ ಎಲ್ಲ ಅದರಲ್ಲಿದೆ. ಕೈಗೆ ಕೊಟ್ಟು ಫೋಟೋ ತೆಗೆಯುವುದು ಅದರಲ್ಲಿಲ್ಲ.

ಹೊಸಓದುಗ:
@ಫಿಸಿಯೋಅಕ್ಕ ನನ್ನ ಅಪ್ಪನಿಗೆ ಇಂಥ ಶಿಬಿರದಲ್ಲೇ ಸಿಕ್ಕಿದ್ದು. ಕಾಲು ನೇತಾಡುತ್ತದೆ, ಒಂದು ಪಕ್ಕಕ್ಕೆ ವಾಲುತ್ತಾರೆ. ಮನೆಯಲ್ಲೇ ಅಳತೆ ನೋಡಬಹುದಾ?

ಫಿಸಿಯೋಅಕ್ಕ:
ಒಂದಷ್ಟು ನೋಡಬಹುದು. ಕೂತಾಗ ಸೊಂಟದ ಅಗಲಕ್ಕೆ ಸೀಟಿನ ಅಗಲ ಹೊಂದಬೇಕು. ಜಾಸ್ತಿ ಅಗಲ ಇದ್ದರೆ ಹೀಗೇ ವಾಲುತ್ತಾರೆ. ಸೀಟಿನ ಮುಂದಿನ ಅಂಚಿಗೂ ಮೊಣಕಾಲ ಹಿಂಭಾಗಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ ಇರಬೇಕು. ಪಾದ ಪೂರ್ತಿ ಪಾದಪೀಠದ ಮೇಲೆ ಕೂರಬೇಕು, ತೊಡೆ ಸೀಟಿಗೆ ತಾಗಿರಬೇಕು. ಕುಶನ್ ಹಾಕಿದ ಮೇಲೆ ಎತ್ತರ ಬದಲಾಗುತ್ತದೆ, ಆಗ ಪಾದಪೀಠವನ್ನು ಮತ್ತೆ ಹೊಂದಿಸಿ. ಅಪ್ಪನಿಗೆ ಆಗಾಗ ಮುಂದಕ್ಕೆ, ಪಕ್ಕಕ್ಕೆ ಬಾಗಿ ಭಾರ ಬದಲಾಯಿಸಲು ಹೇಳಿ. ಸಂಜೆ ಬಟ್ಟೆ ಬದಲಾಯಿಸುವಾಗ ಕೂತ ಜಾಗದ ಚರ್ಮ ನೋಡಿ. ಕೆಂಪಾಗಿದ್ದು ಒತ್ತಡ ತೆಗೆದ ಮೇಲೂ ಹೋಗದಿದ್ದರೆ, ಅಥವಾ ಆ ಜಾಗ ಕಪ್ಪಾಗಿದ್ದರೆ, ಬಿಸಿ ಇದ್ದರೆ, ಅದರ ಮೇಲೆ ಕೂರಿಸಬೇಡಿ, ಬೇಗ ತೋರಿಸಿ.

ಹೊಸಓದುಗ:
ಈಗಲೇ ಹೋಗಿ ನೋಡುತ್ತೇನೆ ಅಕ್ಕ.